ಪ್ರತಿಕ್ರಿಯೆ: ಹಾಲಿನ ಡೇರಿಗೆ ಫ್ಯಾಟ್ ಅಳೆಯುವ ಹೊಸ ಮಷಿನ್ ಬಂದ ಮೇಲೆ ಹಳೇ ಟೆಸ್ಟರ್ ಕೈಕಟ್ಟಿ ಕೂತಿದ್ದಾರೆ, ಏನು ಮಾಡಲಿ?

ಅವರಿಗೆ ಮಷಿನ್ ಕಲಿಯೋದು ಕಷ್ಟ ಅಂತ ಅಲ್ಲ. ಇಷ್ಟು ವರ್ಷ ಹಾಲಲ್ಲಿ ಫ್ಯಾಟ್, ಅಂದರೆ ಕೊಬ್ಬಿನಂಶ, ಎಷ್ಟು ಅಂತ ಹೇಳುತ್ತಿದ್ದವರು ಅವರು, ಈಗ ಅದನ್ನು ಮಷಿನ್ ಹೇಳುತ್ತಿದೆ. ತನಗಿನ್ನೇನು ಕೆಲಸ ಅನ್ನೋ ಭಯವೇ ಹಟದ ಹಾಗೆ ಕಾಣುತ್ತಿದೆ ಅನಿಸುತ್ತದೆ. ನಮ್ಮ ಸಂಘದಲ್ಲೂ ಹೀಗೇ ಆಗಿತ್ತು.

ಮೊದಲು ನೀವೊಬ್ಬರೇ ಅವರ ಜೊತೆ ಕೂತು ಮಾತಾಡಿ. ಕೆಲಸ, ಸಂಬಳ ಎರಡೂ ಉಳಿಯುತ್ತವೆ ಅಂತ ಆಡಳಿತ ಮಂಡಳಿ ಒಪ್ಪಿದ್ದರೆ ಮಾತ್ರ ಹಾಗೆ ಹೇಳಿ. ಸುಮ್ನೆ ಭರವಸೆ ಕೊಡಬೇಡಿ.

ಆಮೇಲೆ ಮಷಿನ್ ಸರಿಯಿದೆಯಾ ಅಂತ ನೋಡುವ ಕೆಲಸವನ್ನೇ ಅವರಿಗೆ ಒಪ್ಪಿಸಿ. ದಿನಾ ನಾಲ್ಕೈದು ಸ್ಯಾಂಪಲ್ ತೆಗೆದು ಆಸಿಡ್ ಹಾಕಿ ಫ್ಯಾಟ್ ಬೇರ್ಪಡಿಸಿ ಅಳೆಯುವ ಹಳೇ ಗರ್ಬರ್ ವಿಧಾನದಲ್ಲೂ ನೋಡಲಿ. 10 ಮಿಲಿ ಆಸಿಡ್, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್, ಅದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು ಅಲ್ವಾ. ಎರಡೂ ಅಂಕಿಯನ್ನು ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಬರೆದು ಎಲ್ಲರಿಗೂ ಕಾಣುವ ಹಾಗೆ ಇಡಿ. ವ್ಯತ್ಯಾಸ ಜಾಸ್ತಿ ಬಂದರೆ ಮಷಿನ್ ಒಳಗೆ ಜಿಡ್ಡು ಕೂತಿರಬಹುದು, ತೊಳೆದು ಮತ್ತೆ ನೋಡಿ. ಆಗಲೂ ಸರಿಹೋಗದಿದ್ದರೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗೆ ಹೇಳಿ ಕ್ಯಾಲಿಬ್ರೇಷನ್, ಅಂದರೆ ಮಷಿನ್ ಅಳತೆ ಸರಿಪಡಿಸುವ ಕೆಲಸ, ಮಾಡಿಸಿ.

"ನಮ್ಮ ಹಸುವಿಗೆ ಫ್ಯಾಟ್ 4 ಬರ್ತಿತ್ತು, ಈಗ 3.6 ಯಾಕೆ?" ಅಂತ ಸದಸ್ಯರು ಕೇಳಿದಾಗ ಉತ್ತರ ಟೆಸ್ಟರ್ ಬಾಯಿಂದಲೇ ಬರಲಿ. ಮಷಿನ್ ಕೊಡುವ ಚೀಟಿಗಿಂತ ಅವರ ಮಾತನ್ನು ಊರು ನಂಬುತ್ತದೆ.

ಕಂಪ್ಯೂಟರ್ ಎಂಟ್ರಿಯನ್ನು ಮಾತ್ರ ಈಗಲೇ ಅವರ ಮೇಲೆ ಹಾಕಬೇಡಿ. ಅವರಾಗಿ ಬಂದು ಕೇಳಿದಾಗ ತೋರಿಸಿ. ಎಷ್ಟು ದಿನ ಹಿಡಿಯುತ್ತದೆ ಅಂತ ಹೇಳೋಕಾಗಲ್ಲ, ಹದಿನೈದು ದಿನ ನೋಡಿ. ಆಮೇಲೂ ಮುಖ ತಿರುಗಿಸಿಯೇ ಇದ್ದರೆ ಕಾರಣ ಬೇರೆ ಇರಬಹುದು. ಆಗ ಅಧ್ಯಕ್ಷರನ್ನೂ ಜೊತೆಗೆ ಕೂರಿಸಿಕೊಂಡು ನೇರವಾಗಿ ಕೇಳಿ.