ಪ್ರ: ವಿಶ್ವ ಓದಿನ ಸವಾಲು ಅಂಡೋರಾದಲ್ಲೇ ನಿಂತಿದೆ, ಮೈಸೂರಿನಲ್ಲಿ ಪುಸ್ತಕ ಸಿಗುತ್ತಿಲ್ಲ

ಪ್ರತಿ ದೇಶದ ಒಂದೊಂದು ಪುಸ್ತಕ ಓದೋ ನಿಮ್ಮ ಸವಾಲು ನಿಂತಿರೋದಕ್ಕೆ, ದೇಶಗಳನ್ನ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹಿಡಿದು ಹೊರಟಿದ್ದೇ ಬಹುಶಃ ಕಾರಣ. ಆ ಪಟ್ಟಿಯಲ್ಲಿ ನಾಲ್ಕನೆಯದೇ ಯುರೋಪಿನ ಪುಟ್ಟ ದೇಶ ಅಂಡೋರಾ. ಅಲ್ಲಿನ ಆಡಳಿತ ಭಾಷೆ ಕ್ಯಾಟಲಾನ್, ಅನುವಾದ ತೀರಾ ಕಮ್ಮಿ. ಅದನ್ನ ಸದ್ಯಕ್ಕೆ ಬಿಡಿ.

ಮೊದಲು ನಿಯಮ ಗಟ್ಟಿ ಮಾಡಿಕೊಳ್ಳಿ: ಲೇಖಕರು ಆ ದೇಶದವರಾಗಿರಬೇಕೋ, ಕಥೆ ಅಲ್ಲಿ ನಡೆದರೆ ಸಾಕೋ? ಲೇಖಕರ ದೇಶವನ್ನೇ ಹಿಡಿಯೋದು ಒಳ್ಳೇದು. ಇಲ್ಲದಿದ್ದರೆ ಅರ್ಧ ಆಫ್ರಿಕಾವನ್ನ ಪ್ರವಾಸಿಗರ ಕಣ್ಣಲ್ಲೇ ನೋಡಿ ಮುಗಿಸ್ತೀರಿ. ವಲಸೆ ಹೋದವರನ್ನ ಯಾವ ದೇಶಕ್ಕೆ ಸೇರಿಸ್ತೀರಿ ಅನ್ನೋದನ್ನೂ ಈಗಲೇ ಬರೆದಿಡಿ.

ಆಮೇಲೆ ವಿಶ್ವಸಂಸ್ಥೆಯ 193 ದೇಶಗಳನ್ನ ಶೀಟ್‌ಗೆ ಹಾಕಿ, ಸುಲಭ, ಕಷ್ಟ ಅಂತ ಗುರುತು ಮಾಡಿ. ರಷ್ಯಾ, ಜಪಾನ್, ನೈಜೀರಿಯಾ, ಕೊಲಂಬಿಯಾ ಕನ್ನಡದಲ್ಲೇ ಸಿಗುತ್ತವೆ. ನಗರ ಕೇಂದ್ರ ಗ್ರಂಥಾಲಯದಲ್ಲಿ ದೇಶದ ಹೆಸರು ಹೇಳಬೇಡಿ, ಅನುವಾದಿತ ಕಾದಂಬರಿಗಳ ಕಪಾಟು ಎಲ್ಲಿ ಅಂತ ಕೇಳಿ. ಅನುವಾದಗಳನ್ನ ಹೊರತರೋ ಸರ್ಕಾರಿ ಸಂಸ್ಥೆ ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಪ್ರಕಟಣೆಗಳನ್ನೂ ನೋಡಿ. ಇಂಗ್ಲಿಷ್ ಆದ್ರೂ ಪರವಾಗಿಲ್ಲ ಅಂದ್ರೆ ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ ಉಚಿತ ಖಾತೆ ತೆರೆದರೆ ಎಷ್ಟೋ ಪುಸ್ತಕ ಒಂದು ಗಂಟೆಯ ಎರವಲಿಗೆ ಸಿಗುತ್ತವೆ.

ನೌರು, ಟುವಾಲು ಥರದ ಪುಟ್ಟ ದೇಶಗಳಿಗೆ ಇಡೀ ಕಾದಂಬರಿ ಬೇಕು ಅಂತ ಹಟ ಬೇಡ. ಒಂದು ಸಣ್ಣಕಥೆ, ಜಾನಪದ ಕಥೆ ಅಥವಾ ನಾಲ್ಕು ಕವಿತೆ ಸಾಕು. ಎರಡು ಸುಲಭದ ದೇಶ ಓದೋವಾಗಲೇ ಒಂದು ಕಷ್ಟದ್ದರ ಹುಡುಕಾಟ ನಡೀತಿರಲಿ. ಅಂಡೋರಾ ಆ ಸಾಲಿಗೆ ಹೋಗಲಿ, ಈ ವಾರ ನೈಜೀರಿಯಾ ತೆಗೊಳ್ಳಿ.