20 ಸಾವಿರ ಪೌಂಡ್ ಇದೆ, ಎಂಜಿಬಿ ಜಿಟಿ ವಿ8 ತಗೊಂಡರೆ ದುಡ್ಡು ಬೆಳೆಯುತ್ತಾ?

ಎಂಜಿಬಿ ಜಿಟಿ ವಿ8 ಅನ್ನೋ ಎಂಟು ಸಿಲಿಂಡರಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಯಾರಾಗಿದ್ದೇ 2,591, ಲಾಭಕ್ಕೆ ತೆರಿಗೆಯೂ ಇಲ್ಲ, ಹಾಗಾಗಿ ಒಳ್ಳೆ ಹೂಡಿಕೆಯಾ ಅಂತ ಕೇಳಿದ್ದೀರಿ. ಆ 2,591 ಅನ್ನೋ ಸಂಖ್ಯೆ ನೋಡಿದ ಕೂಡಲೇ ನಗು ಬಂತು. ನಾನೂ ಅದನ್ನೇ ಹಿಡಿದುಕೊಂಡು ನನ್ನ ಹೆಂಡತಿಯನ್ನು ಒಪ್ಪಿಸಿದ್ದೆ. "ಎಂಜಿ ಕಂಪನಿಯ ಅಬಿಂಗ್ಡನ್ ಕಾರ್ಖಾನೆಯಿಂದ 1973ರಿಂದ 1976ರವರೆಗೆ ಹೊರಗೆ ಬಂದದ್ದೇ ಇಷ್ಟು, ಇನ್ನು ಮುಂದೆ ಒಂದೂ ಹುಟ್ಟಲ್ಲ" ಅಂತ ದೊಡ್ಡ ಭಾಷಣ ಬಿಗಿದಿದ್ದೆ. ಲಾಭಕ್ಕೆ ತೆರಿಗೆ ಇಲ್ಲ ಅನ್ನೋ ಮಾತನ್ನೂ ನಿಮ್ಮ ಹಾಗೇ ಸೇರಿಸಿದ್ದೆ.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. 2016ರ ನವೆಂಬರ್‌ನಲ್ಲಿ ಗಾಡಿ ನೋಡಲು ಹೋದೆ. 1974ರದ್ದು, ಕ್ರೋಮ್ ಬಂಪರ್, ಕಡು ಹಸಿರು. ಮಾರುವ ಅಜ್ಜ ಬಿಸಿ ಬಿಸಿ ಟೀ ಕೊಟ್ಟರು, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿದರು. ಆ ರೋವರ್ ಕಂಪನಿಯ ವಿ8 ಎಂಜಿನ್ ಸದ್ದು ಇದೆಯಲ್ಲ, ಅದು ಕಿವಿಗಲ್ಲ, ಹೊಟ್ಟೆಗೆ ಕೇಳುತ್ತೆ. ನಾನು ಅಲ್ಲೇ ಮರುಳಾದೆ. ಆದರೂ ಜಾಣ ಅಂತ ತೋರಿಸಿಕೊಳ್ಳಬೇಕಲ್ಲ! ಟಾರ್ಚ್ ಹಿಡಿದು ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಕೆಳಗೆ ತುಕ್ಕು ಹುಡುಕಿದೆ, ಅಯಸ್ಕಾಂತ ಹಚ್ಚಿ ನೋಡಿದೆ. ಗ್ರಿಲ್, ಎಡ ಮಡ್‌ಗಾರ್ಡ್, ಹಿಂಬಾಗಿಲು, ಮೂರೂ ಕಡೆ ವಿ8 ಬ್ಯಾಡ್ಜ್ ಇತ್ತು. ಲಾಗ್‌ಬುಕ್‌ನಲ್ಲಿ, ಅಂದರೆ ಇಲ್ಲಿನ ನೋಂದಣಿ ಪತ್ರದಲ್ಲಿ, ವಿ8 ಎಂಜಿನ್ನಿನ ಅಳತೆ 3,528 ಸಿಸಿ ಅಂತ ಅಚ್ಚಾಗಿತ್ತು. ಬಾನೆಟ್ ಎತ್ತಿ, ಒಳಗಿನ ಪುಟ್ಟ ತಗಡಿನ ಮೇಲಿನ ಜಿಡ್ಡನ್ನು ಹೆಬ್ಬೆರಳಿಂದ ಒರೆಸಿ, ಚಾಸಿ ನಂಬರಿನ ಫೋಟೊ ಕೂಡ ತೆಗೆದೆ. 19,500 ಪೌಂಡ್ ಕೊಟ್ಟೆ.

ನನ್ನ ತಪ್ಪು ಇಲ್ಲೇ ಇದೆ, ಸ್ವಲ್ಪ ಎಳೆದೇ ಹೇಳುತ್ತೇನೆ. ಫೋಟೊ ತೆಗೆದೆ, ಓದಲಿಲ್ಲ. ಅಂದರೆ ಅಂಕಿ ಲಾಗ್‌ಬುಕ್‌ಗೆ ಹೊಂದುತ್ತಾ ಅಂತ ನೋಡಿದೆ, ಹೊಂದಿತು, ಸಮಾಧಾನ ಆಯಿತು. ಆದರೆ ಅದು ಶುರುವಾಗುತ್ತಿದ್ದದ್ದು ಜಿಎಚ್‌ಡಿ5 ಅಂತ. ಅದು ಸಾಮಾನ್ಯ ನಾಲ್ಕು ಸಿಲಿಂಡರಿನ 1,798 ಸಿಸಿ ಎಂಜಿಬಿ ಜಿಟಿಯ ಗುರುತು. ಕಾರ್ಖಾನೆಯಲ್ಲೇ ವಿ8 ಆಗಿ ಹುಟ್ಟಿದ್ದು ಜಿಡಿ2ಡಿ1 ಅಂತ ಶುರುವಾಗಬೇಕು. ಯಾರೋ ಯಾವಾಗಲೋ ತಮ್ಮ ಶೆಡ್‌ನಲ್ಲಿ ಮಾಮೂಲಿ ಗಾಡಿಗೆ ರೋವರ್ ಎಂಜಿನ್ ಕೂರಿಸಿ, ಅದನ್ನು ಲಾಗ್‌ಬುಕ್‌ಗೂ ಏರಿಸಿದ್ದರು. ಲಾಗ್‌ಬುಕ್ ಹೇಳುವುದು ಈಗ ಗಾಡಿಯಲ್ಲಿ ಏನಿದೆ ಅಂತ ಮಾತ್ರ. ಹುಟ್ಟಿದಾಗ ಏನಿತ್ತು ಅಂತಲ್ಲ. ಬ್ಯಾಡ್ಜ್ ಬಿಡಿ, ದುಡ್ಡು ಕೊಟ್ಟರೆ ಅಂಗಡಿಯಲ್ಲೇ ಸಿಗುತ್ತೆ.

ಊರಲ್ಲಿ ಸೈಟ್ ತಗೊಳ್ಳುವಾಗ ನಮ್ಮಪ್ಪ ಕಂದಾಯದ ರಸೀದಿ ತೋರಿಸಿದವರನ್ನೆಲ್ಲ ವಾಪಸ್ ಕಳಿಸಿ, "ಮೊದಲು ಮೂಲಪತ್ರ ತಗೊಂಡು ಬಾ" ಅನ್ನುತ್ತಿದ್ದರು. ಈ ಗಾಡಿಗಳಿಗೂ ಮೂಲಪತ್ರ ಇದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತೆ. ನನ್ನ ಮನೆಯಿಂದ ಅರ್ಧ ಗಂಟೆ ದಾರಿ. ಅಂಥ ಅಪ್ಪನ ಮಗ ನಾನು, ಕೇಳಲಿಲ್ಲ.

ಅಜ್ಜ ಮೋಸ ಮಾಡಿದರು ಅಂತ ಹೇಳಲಾರೆ. ಅವರು "ವಿ8" ಅಂದರು. "ಕಾರ್ಖಾನೆಯದಾ?" ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗೊತ್ತಾಗಿದ್ದು ಮರುವರ್ಷ, ಒಂದು ಮಾಲೀಕರ ಸಭೆಯಲ್ಲಿ. ಒಬ್ಬ ಹಿರಿಯರು ಬಾನೆಟ್ ಎತ್ತಿದರು, ಬಗ್ಗಿ ತಗಡು ಓದಿದರು, ಮೆಲ್ಲಗೆ ಬಾನೆಟ್ ಮುಚ್ಚಿ "ಚೆನ್ನಾಗಿದೆ" ಅಂದರು. ಆ ಮೆಲ್ಲಗೆ ಮುಚ್ಚಿದ ರೀತಿಗೇ ಅನುಮಾನ ಬಂತು. ಮನೆಗೆ ಬಂದು ಹುಡುಕಿದರೆ, ಸಾಕ್ಷಿ ನನ್ನ ಫೋನಿನಲ್ಲೇ ಆರು ತಿಂಗಳಿಂದ ಕೂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದುಕೊಂಡು ಓಡಾಡಿದ್ದೆ. ಮಾರಲು ಕೇಳಿದಾಗ ಬಂದ ಅತಿ ಜಾಸ್ತಿ ಬೆಲೆ 11 ಸಾವಿರ ಪೌಂಡ್. ಕೆನ್ ಕಾಸ್ಟೆಲ್ಲೊ ಕೈಯಲ್ಲಿ ಆದ ಪರಿವರ್ತನೆ ಆಗಿದ್ದರೆ ಅದಕ್ಕೆ ಬೇರೆಯೇ ಮರ್ಯಾದೆ, ಕಂಪನಿಗಿಂತ ಮೊದಲೇ ಎಂಜಿಬಿಗೆ ವಿ8 ಹಾಕಿದವರು ಅವರು. ನನ್ನದು ಯಾರ ಶೆಡ್ಡೋ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನಲ್ಲಿ ಖಾಸಗಿ ಕಾರು ಮಾರಿದ ಲಾಭಕ್ಕೆ ಬಂಡವಾಳ ಲಾಭ ತೆರಿಗೆ ಇಲ್ಲ ಅನ್ನೋದು ನಿಜ. ಅದೇ ಕಾರಣಕ್ಕೆ ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ. ನಾನು ಆ ಬೆಲೆಗೆ ಮಾರಿದ್ದರೆ ಆಗುತ್ತಿದ್ದ 8,500 ಪೌಂಡ್ ನಷ್ಟವನ್ನು ಎಲ್ಲೂ ಬರೆಯಲಾಗುತ್ತಿರಲಿಲ್ಲ. ಮೇಲೆ ಗ್ಯಾರೇಜ್ ಬಾಡಿಗೆ, ವಿಮೆ, ರಿಪೇರಿ.

ಇನ್ನು ಅಪರೂಪ. ಈ ಕಾರು ಯಾಕೆ ಅಪರೂಪ ಗೊತ್ತಾ? 1973ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು, ಅಕ್ಟೋಬರ್‌ನಲ್ಲಿ ತೈಲ ಬಿಕ್ಕಟ್ಟು ಬಂತು. ಪೆಟ್ರೋಲ್ ಕುಡಿಯೋ ಗಾಡಿ ಯಾರಿಗೆ ಬೇಕು? ಜನ ಬೇಡ ಅಂದರು, ಅದಕ್ಕೇ ಕಡಿಮೆ ತಯಾರಾಯಿತು. ಅತ್ತ ಜಾಗ್ವಾರ್ ಇ-ಟೈಪ್ 70,000ಕ್ಕೂ ಜಾಸ್ತಿ ತಯಾರಾಗಿದೆ, ಆದರೂ ಅದರ ಬೆಲೆ ಇದಕ್ಕಿಂತ ಎಷ್ಟೋ ಮೇಲೆ. ಬೆಲೆ ಏರಿಸೋದು ಎಷ್ಟಿವೆ ಅನ್ನೋದಲ್ಲ, ಎಷ್ಟು ಜನ ಆಸೆಪಡುತ್ತಾರೆ ಅನ್ನೋದು. ಹಾಗಾಗಿ "ಒಳ್ಳೆ ಹೂಡಿಕೆಯಾ?" ಅನ್ನೋ ಪ್ರಶ್ನೆಯನ್ನೇ ಕೈಬಿಡಿ. ಅರ್ಧ ದುಡ್ಡು ಹೋದರೂ ಭಾನುವಾರ ಅದರಲ್ಲಿ ಕೂತು ಖುಷಿಪಡುತ್ತೀರಾದರೆ ತಗೊಳ್ಳಿ. ಇಲ್ಲದಿದ್ದರೆ ಬ್ಯಾಂಕಿನಲ್ಲೇ ಇರಲಿ.

ನನ್ನದು ಇನ್ನೂ ಮನೆಯಲ್ಲೇ ಇದೆ. ಮಾರಿಲ್ಲ. ಮಗಳು ಅದನ್ನು "ಡೂಪ್ಲಿಕೇಟ್" ಅಂತಲೇ ಕರೆಯುತ್ತಾಳೆ, ಹತ್ತಿ ಕೂರೋಕೆ ಮಾತ್ರ ಮೊದಲು ಓಡಿ ಬರುತ್ತಾಳೆ.

ನೀವು ನೋಡಿಟ್ಟಿರುವ ಗಾಡಿಯ ತಗಡಿನ ಫೋಟೊ ಇದ್ದರೆ, ಪೂರ್ತಿ ನಂಬರ್ ಬೇಡ, ಮೊದಲ ಐದು ಅಕ್ಷರ ಮಾತ್ರ ಇಲ್ಲಿ ಬರೆಯಿರಿ.