ಜೀನ್ ಚಿಕಿತ್ಸೆ ಬರೋವರೆಗೆ ರಕ್ತ ತೆಳು ಮಾಡೋ ಗುಳಿಗೆ ಬಿಡಬಹುದಾ?

ತಂದೆಗೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪುವ ರೋಗ) ಇದೆ, ಹಂದಿ ಹೃದಯದ ಮೇಲಿನ ಜೀನ್ ಪ್ರಯೋಗ ಓದಿದೆ, ಅದು ಬರೋವರೆಗೆ ಗುಳಿಗೆ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾವು ಬಿಟ್ಟಿದ್ದೆವು.

ನಮ್ಮದು ಬಾಗಲಕೋಟೆ. ಅಪ್ಪ ರಕ್ತ ತೆಳು ಮಾಡೋ ವಾರ್ಫರಿನ್ ಗುಳಿಗೆ ತಗೊಳ್ಳುತ್ತಿದ್ದರು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆಗೆ ಪದೇ ಪದೇ ರಕ್ತ ಕೊಡಬೇಕು, ರೊಟ್ಟಿ ಜೊತೆ ಸೊಪ್ಪು ಒಮ್ಮೆಲೇ ಜಾಸ್ತಿ ಆದರೆ ಲೆಕ್ಕ ತಪ್ಪುತ್ತದೆ. ಬೇಸತ್ತಿದ್ದರು. ಅಷ್ಟರಲ್ಲಿ ಬಡಿತ ಹತೋಟಿಗೆ ತರುವ ಇನ್ನೊಂದು ಗುಳಿಗೆಯಿಂದ ನಾಡಿ ಸರಿಯಾಯಿತು, ಇಸಿಜಿಯೂ ಚೊಲೊ ಬಂತು. ಇನ್ನೇಕೆ ವಾರ್ಫರಿನ್ ಅಂತ ಡಾಕ್ಟರನ್ನೂ ಕೇಳದೆ ನಿಲ್ಲಿಸಿಬಿಟ್ಟೆವು.

ಎಡವಿದ್ದು ಇಲ್ಲೇ. ಈ ರೋಗ ಬಂದು ಹೋಗಿ ಮಾಡುತ್ತದೆ. ಇಸಿಜಿ ತೆಗೆದ 10 ಸೆಕೆಂಡು ಬಡಿತ ಸರಿ ಇತ್ತು ಅಂದರೆ ರಾತ್ರಿಯೆಲ್ಲ ಸರಿ ಇತ್ತು ಅಂತಲ್ಲ. ಹೃದಯದ ಮೇಲಿನ ಕೋಣೆ ಹಿಂಡದೆ ಸುಮ್ನೆ ಅದುರಿದಾಗ, ಎಡಗಡೆಯ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ. ಈ ರೋಗ ಇದ್ದವರಿಗೆ ಲಕ್ವಾದ ಅಪಾಯ ಸುಮಾರು 5 ಪಟ್ಟು. ಬಡಿತದ ಗುಳಿಗೆ ಬೇರೆ, ಹೆಪ್ಪು ತಡೆಯೋ ಗುಳಿಗೆ ಬೇರೆ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. ಒಂದು ಬೆಳಗ್ಗೆ ಅಪ್ಪ ರೊಟ್ಟಿ ಮುರಿಯೋಕೆ ಹೋದರು, ಬಲಗೈ ಬೆರಳು ಮಡಚಲೇ ಇಲ್ಲ. ಮಾತು ತೊದಲಿತು. ಇವತ್ತಿಗೂ ಅವ್ವ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೊಡುತ್ತಾಳೆ.

ನೀವು ಓದಿದ್ದು ಬಹುಶಃ ಟಿಬಿಎಕ್ಸ್18 ಜೀನ್ ಬಗ್ಗೆ. 2014ರಲ್ಲಿ ಲಾಸ್ ಏಂಜಲೀಸ್‌ನ ಹೃದಯ ತಜ್ಞ ಎಡ್ವರ್ಡೊ ಮಾರ್ಬಾನ್ ಅವರ ತಂಡ ಅದನ್ನು ಹಂದಿಗಳ ಹೃದಯಕ್ಕೆ ಸೇರಿಸಿತು. ಅಲ್ಲಿನ ಸಾಮಾನ್ಯ ಸ್ನಾಯುಕೋಶಗಳೇ ಪೇಸ್‌ಮೇಕರ್ ಥರ ಬಡಿತ ಹುಟ್ಟಿಸಿದವು. ದೊಡ್ಡ ಕೆಲಸವೇ, ನನಗೂ ಓದಿ ಖುಷಿಯಾಗಿತ್ತು. ಆದರೆ ಅದು ಬಡಿತ ತೀರಾ ನಿಧಾನವಾದ ಹೃದಯಕ್ಕೆ. ನಿಮ್ಮ ತಂದೆಯದು ಅಂಕೆ ಇಲ್ಲದೆ ಅದುರುವ ಹೃದಯ. ಆ ಚಿಕಿತ್ಸೆ ನಾಳೆಯೇ ಬಂದರೂ ಅವರ ರೋಗಕ್ಕಲ್ಲ. ಹಾಗಾಗಿ ಕಾಯೋ ಪ್ರಶ್ನೆಯೇ ಇಲ್ಲ.

ರಕ್ತ ಪರೀಕ್ಷೆಯ ಓಡಾಟವೇ ಕಷ್ಟ ಅಂದರೆ ಡಾಕ್ಟರಿಗೆ ಅದನ್ನೇ ಹೇಳಿ. ಹೆಪ್ಪು ತಡೆಯೋ ಅಪಿಕ್ಸಬಾನ್ ಥರದ ಹೊಸ ಗುಳಿಗೆಗಳಿಗೆ ಐಎನ್‌ಆರ್ ನೋಡೋದು ಬೇಡ. ಆದರೆ ಹೃದಯದ ಎಡಗಡೆಯ ಮೈಟ್ರಲ್ ಕವಾಟ ತುಂಬಾ ಕಿರಿದಾಗಿದ್ದರೆ, ಇಲ್ಲವೇ ಲೋಹದ ಕವಾಟ ಹಾಕಿಸಿದ್ದರೆ ವಾರ್ಫರಿನ್ನೇ ಬೇಕಾಗುತ್ತದೆ. ಕವಾಟ ಕಿರಿದಾಗಿದೆಯಾ ಅಂತ ಎಕೋದಲ್ಲಿ (ಹೃದಯದ ಸ್ಕ್ಯಾನ್) ಗೊತ್ತಾಗುತ್ತದೆ. ಅಬ್ಲೇಶನ್ (ತಾಳ ತಪ್ಪಿಸುವ ಹೃದಯದ ಜಾಗವನ್ನು ಸುಟ್ಟು ಇಲ್ಲವೇ ತಣ್ಣಗಾಗಿಸಿ ನಿಷ್ಕ್ರಿಯ ಮಾಡುವ ಚಿಕಿತ್ಸೆ) ಆಗುತ್ತಾ ಅಂತಲೂ ಕೇಳಿ. ಮಾಡಿಸಿದರೂ ಹೆಪ್ಪು ತಡೆಯೋ ಗುಳಿಗೆಯನ್ನು ಡಾಕ್ಟರು ಹೇಳೋವರೆಗೆ ನಿಲ್ಲಿಸಬೇಡಿ.